ಅರ ಹಾಕಿದ ಐದನೆಯ ಜಾಗಟೆ

ಗುರು ಅಂದಕೂಡಲೇ ಗಡ್ಡ, ಜಡೆ ನೆನೆಸಿಕೊಳ್ಳಬೇಡಿ. ಈ ಗುರು ಮಾಲಿಗಾ ಎಂಬ ಅಜ್ಜಿ. ಫಿಲಿಪೀನ್ಸಿನ ದಕ್ಷಿಣ ಭಾಗದಲ್ಲಿ, ನದಿ ದಂಡೆಯ ಮೇಲೆ ಅವಳ ಮನೆ.

ಅವಳ ಹತ್ತಿರ ಒಂದು ಕುಲಿಂತಾಂಗ್ ಇತ್ತು. ಸಾಲಾಗಿ ಕೂರಿಸಿದ ಎಂಟು ಕಂಚಿನ ಜಾಗಟೆಗಳು. ಅಜ್ಜಿಯ ಅಜ್ಜಿ ಬಾರಿಸಿದ್ದವು.

ಶಿಷ್ಯ ಹಾರೊನ್ ಪಟ್ಟಣದಲ್ಲಿ ಗಿಟಾರು, ಕೀಬೋರ್ಡು ಇಟ್ಟುಕೊಂಡು ಪಾಪ್ ಹಾಡುವವನು. ಆ ಹಾಡಿನೊಳಗೆ ಈ ಜಾಗಟೆಗಳನ್ನು ತರಬೇಕೆಂಬ ಹುಚ್ಚು ಅವನಿಗೆ. ಭಾನುವಾರ ಮೊದಲ ಕಛೇರಿ. ಅಜ್ಜಿ ನಂಬಿ ಎಂಟನ್ನೂ ಅವನ ಕೈಗೆ ಕೊಟ್ಟಿದ್ದಳು.

ಬುಧವಾರ ಬೆಳಿಗ್ಗೆ ಅವನು ಜಾಗಟೆ, ಕೀಬೋರ್ಡು ಎಲ್ಲ ಹೊತ್ತುಕೊಂಡು ವಾಪಸು ಬಂದ. ಮುಖ ಸಣ್ಣದಾಗಿತ್ತು.

“ಜಾಗಟೆಗಳ ಶ್ರುತಿ ಕೀಬೋರ್ಡಿನ ಜೊತೆ ಸರಿಯಾಗಿ ಕೂಡ್ತಿರಲಿಲ್ಲ, ಐದನೆಯದಂತೂ ಕೂಡ್ತಾನೇ ಇರಲಿಲ್ಲ, ಅಜ್ಜಿ. ಅರ ತಗೊಂಡು ಅದರ ಅಂಚು ಸ್ವಲ್ಪ ಉಜ್ಜಿದೆ.”

“ಕೂಡ್ತಾ?”

“ಕೂಡ್ತು. ಈಗ ಉಳಿದ ಏಳರ ಜೊತೆ ಕೂಡ್ತಿಲ್ಲ.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಅವಳು ಒಳಗೆ ಹೋಗಿ ಒಂದು ಅರ ತಂದು ಮುಂದಿಟ್ಟಳು.

“ಉಳಿದ ಏಳನ್ನೂ ಉಜ್ಜು.”

ಹಾರೊನ್ ಕಕ್ಕಾಬಿಕ್ಕಿಯಾದ. ಇದು ಸಿಟ್ಟೋ, ಪರೀಕ್ಷೆಯೋ, ನಿಜವಾದ ಅಪ್ಪಣೆಯೋ, ತಲೆಬುಡ ತಿಳಿಯಲಿಲ್ಲ. ಮೊದಲ ಜಾಗಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಎಷ್ಟೋ ಜನ ಹಿಡಿದೆತ್ತಿ ಅದರ ಅಂಚು ಒಂದು ಕಡೆ ನುಣುಪಾಗಿತ್ತು. ಅವನ ಹೆಬ್ಬೆರಳು ಅಲ್ಲೇ ಕೂತಿತು. ಅರವನ್ನು ಪಕ್ಕಕ್ಕೆ ಸರಿಸಿದ.

“ನನ್ನ ಕೈಲಿ ಆಗೋದಿಲ್ಲ. ಉಜ್ಜಿದರೆ ಇದರ ದನಿ ಮತ್ತೆ ಬರೋದಿಲ್ಲ.”

“ಐದನೆಯದರ ದನಿ ಮತ್ತೆ ಬರುತ್ತೇನು?”

ಅವನು ಜಾಗಟೆಯನ್ನು ಸಾಲಿಗೆ ವಾಪಸು ಇಟ್ಟ.

ಅಜ್ಜಿ ಕೀಬೋರ್ಡಿನ ಕಡೆ ಗದ್ದ ಚಾಚಿದಳು. “ಅದರ ದನಿ ಏರಿಸೋಕೆ, ಇಳಿಸೋಕೆ ಏನಾದರೂ ಇದೆಯಾ?”

“ಇದೆ. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಸರಿಸಬಹುದು. ಗುಂಡಿ ಒತ್ತಿದರಾಯ್ತು.”

“ಬೇಡ ಅನ್ನಿಸಿದರೆ?”

“ಅದಕ್ಕೂ ಒಂದು ಗುಂಡಿ...”

ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಷ್ಟು ದಿನ ಆ ಗುಂಡಿ ಕಣ್ಣೆದುರಿಗೇ ಇತ್ತು.

ಮಧ್ಯಾಹ್ನದವರೆಗೂ ಕೂತು ಕೀಬೋರ್ಡನ್ನು ಜಾಗಟೆಗಳಿಗೆ ಹೊಂದಿಸಿದ. ಏಳೂ ಕೂಡಿದವು. ಹಾಡು ಕೇಳಿ ಅವನಿಗೇ ಸಂತೋಷವಾಯಿತು. ಆದರೆ ಐದನೆಯದು ಬಂದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೊನೆಗೆ ಧೈರ್ಯ ಮಾಡಿ ಕೇಳಿದ. “ಅದನ್ನು ತೆಗೆದಿಟ್ಟು ಏಳರಲ್ಲೇ ಬಾರಿಸ್ತೀನಿ, ಅಜ್ಜಿ. ಭಾನುವಾರಕ್ಕೆ ಕೊಡ್ತೀಯಾ? ಇಲ್ಲ ಅಂದರೂ ನಾನೇನೂ ಅನ್ನೋ ಹಾಗಿಲ್ಲ.”

ಅಜ್ಜಿ ಐದನೆಯ ಜಾಗಟೆಯನ್ನು ಎತ್ತಿಕೊಂಡಳು. ಅಂಚಿಗೆ ಅಂಟಿದ್ದ ಕಂಚಿನ ಪುಡಿಯನ್ನು ಉಟ್ಟ ಬಟ್ಟೆಯ ತುದಿಯಿಂದ ಒರೆಸಿದಳು. ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ, ಅದರ ಜಾಗದಲ್ಲೇ ಕೂರಿಸಿದಳು.

“ಎಂಟನ್ನೂ ತಗೊಂಡು ಹೋಗು. ಐದನೆಯದರ ಹತ್ತಿರ ಬಂದಾಗಲೆಲ್ಲ ನಿನ್ನ ಕೈ ಒಂಚೂರು ಅನುಮಾನಿಸಲಿ.”