ಭರಮನ ಕುಸ್ತಿ ನೋಡಿ ಬಂದ ಜವರ

ಕುಸ್ತಿ ಆಡುವ ಕೆಮ್ಮಣ್ಣಿನ ಕಣಕ್ಕೆ ನಮ್ಮ ಮೈಸೂರು ಕಡೆ ಒಂದು ಹೆಸರಿತ್ತು. ಇಲ್ಲಿ ನಾಗಪುರದಲ್ಲಿ ಅಖಾಡ ಅನ್ನುತ್ತಾರೆ, ಅದಲ್ಲ ಮಗಳೇ, ಈಗಲೇ ಬರೆದುಕೊಳ್ಳಬೇಡ. ಮಣ್ಣಿ... ಮಡ್ಡಿ... ಥೂ, ನಾಲಿಗೆಯ ತುದಿಯಲ್ಲೇ ಇದೆ. ಹಾಂ, ಮಟ್ಟಿ! ಗರಡಿ ಮನೆಯ ಮಟ್ಟಿ. ಆ ಮಟ್ಟಿಯನ್ನು ದಿನಾ ಅಗೆದು ಹದ ಮಾಡುತ್ತಿದ್ದವನು ಜವರ. ಮೈ ನೋಡಿದರೆ ಎತ್ತು. ಬುದ್ಧಿ ನೋಡಿದರೆ... ಅದನ್ನು ನೋಡಿದವರು ಯಾರೂ ಇಲ್ಲ.

"ಬಾಗಿಲು ನೋಡ್ಕೊಂಡಿರು" ಎಂದು ಅವ್ವ ಹೇಳಿ ಹೋದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಹಿತ್ತಲಿಂದ ನಾಯಿ ಬಂದು ಮುದ್ದೆ ತಿಂದು ಹೋಗುತ್ತಿತ್ತು. ಅವ್ವ ತಾಯಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ದೇವ್ರೇ, ಇಬ್ಬರು ಮಕ್ಕಳನ್ನ ಕೊಟ್ಟೆ. ಬುದ್ಧೀನೆಲ್ಲಾ ಒಬ್ಬನಿಗೇ ಸುರಿದುಬಿಟ್ಟೆಯಲ್ಲಪ್ಪ!"

ಆ ಒಬ್ಬ ಕೆಂಚ, ಜವರನ ತಮ್ಮ. ಬೆಳಿಗ್ಗೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಸಂಜೆ ಗರಡಿಯಲ್ಲಿ ಸಾಮು ಮಾಡುತ್ತಿದ್ದ. ಅವನ ಎರಡು ತೋಳಿನ ಮೇಲೆ ಮನೆಯ ಮೂರು ಹೊಟ್ಟೆ ನಡೆಯುತ್ತಿತ್ತು.

ಆ ವರ್ಷ ಊರಿಗೆ ಟಿಕೆಟ್ ಕುಸ್ತಿ ಬಂತು. ಸುತ್ತ ತಗಡಿನ ಬೇಲಿ, ಒಳಗೆ ಬೆಂಚು, ಬ್ಯಾಂಡು. ಐದು ಭಾನುವಾರ ಐದು ದೊಡ್ಡ ಕುಸ್ತಿ. ಬಡಗಲ ಸೀಮೆಯಿಂದ ಭರಮ ಪೈಲ್ವಾನ ಅನ್ನುವವನು ಬಂದಿಳಿದ, ವಾರಕ್ಕೊಬ್ಬನ ಜೊತೆ ಆಡಲು. ಅವನ ಹತ್ತಿರ ಒಂದು ಪಟ್ಟು ಇತ್ತು. ಅದನ್ನು ಹಾಕಿದರೆ ಎದುರಾಳಿಯ ತೋಳು ಕೀಲಿನಿಂದ ಕಳಚಲೇಬೇಕು. ಹಿಂದಿನ ವರ್ಷ ಆ ಪಟ್ಟಿಗೆ ಸಿಕ್ಕವನೊಬ್ಬ ಇನ್ನೂ ಎಡಗೈಯಲ್ಲಿ ಉಣ್ಣುತ್ತಿದ್ದ. ಐದನೆಯ ಭಾನುವಾರಕ್ಕೆ ಆ ಭರಮನಿಗೂ ನಮ್ಮ ಕೆಂಚನಿಗೂ ಜೋಡಿ ಕಟ್ಟಿದರು. ನಾಲ್ಕು ಜನರ ಮುಂದೆ ಇಬ್ಬರೂ ಕೈ ಕೈ ಹಿಡಿದಾಗಿತ್ತು. ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಗರಡಿಯ ಉಸ್ತಾದರು ಬುಡನ್ ಸಾಬರು ಕಾಲು ಮುರಿದುಕೊಂಡು, ಪಟ್ಟಿ ಕಟ್ಟಿಸಿಕೊಂಡು, ಮಟ್ಟಿಯ ಪಕ್ಕದಲ್ಲೇ ಮಂಚ ಹಾಕಿಸಿ ಮಲಗಿದ್ದರು.

"ಭರಮ ಆ ಪಟ್ಟು ಹೆಂಗೆ ಹಾಕ್ತಾನೆ ಅಂತ ಗೊತ್ತಾದ್ರೆ ಕೆಂಚನ ತೋಳು ಉಳೀತದೆ ತಾಯಮ್ಮ. ಗೊತ್ತಾಗದಿದ್ರೆ ಇಲ್ಲ. ನಮ್ಮ ಹುಡುಗರನ್ನ ಕಳಿಸಿದ್ರೆ ಅವನ ಕಡೆಯೋರು ಗುರುತು ಹಿಡೀತಾರೆ, ಪಟ್ಟು ಮುಚ್ಚಿಡ್ತಾನೆ. ಜವರನ್ನ ಕಳಿಸೋಣ. ಪೆದ್ದನ ಮೇಲೆ ಯಾರಿಗೆ ಅನುಮಾನ?"

"ಸಾಬ್ರೇ, ನನ್ನ ಒಬ್ಬ ಮಗನ ತೋಳನ್ನ ಇನ್ನೊಬ್ಬ ಮಗನ ತಲೇಲಿ ಇಡ್ತೀರಾ?"

"ಬೇರೆ ದಾರಿ ಇದ್ರೆ ನೀನೇ ಹೇಳವ್ವ."

ಬೇರೆ ದಾರಿ ಇರಲಿಲ್ಲ. ಉಸ್ತಾದರು ಜವರನನ್ನು ಕರೆದರು. "ನೋಡಪ್ಪ, ಅಲ್ಲಿ ಹೋಗು. ಏನೇನು ಚೆನ್ನಾಗಿತ್ತು, ಏನೇನು ಚೆನ್ನಾಗಿರಲಿಲ್ಲ, ಎಲ್ಲಾ ನೋಡ್ಕೊಂಡು ಬಂದು ಹೇಳು."

"ಆಗ್ಲಿ ಉಸ್ತಾದ್ರೇ!"

ಮೊದಲನೆಯ ಭಾನುವಾರ ಹೋದ, ಬಂದ. ಎಲ್ಲರೂ ಉಸಿರು ಬಿಗಿಹಿಡಿದು ಮಂಚದ ಸುತ್ತ ನಿಂತರು.

"ಹೇಳಪ್ಪ!"

"ಕಡ್ಲೆಕಾಯಿ ಚೆನ್ನಾಗಿತ್ತು. ಸೋಡಾ ಚೆನ್ನಾಗಿರಲಿಲ್ಲ, ಗ್ಯಾಸೇ ಇರಲಿಲ್ಲ. ಬ್ಯಾಂಡು ಚೆನ್ನಾಗಿತ್ತು. ಬೆಂಚು ಚೆನ್ನಾಗಿರಲಿಲ್ಲ, ಮೊಳೆ ಇತ್ತು, ಪಂಚೆ ಹರೀತು. ಪಕ್ಕದೋನ ಮೀಸೆ ಚೆನ್ನಾಗಿತ್ತು."

"ಕುಸ್ತಿ?"

"ಅದೂ ಇತ್ತು."

"ಥೂ ಪೆದ್ದುಮುಂಡೇದೇ!" ತಾಯಮ್ಮ ಕೂಗಿದಳು. "ಕಡ್ಲೆಕಾಯಿ ಯಾರಿಗೆ ಬೇಕು? ಭರಮನ್ನ ನೋಡಬೇಕು! ಭರಮನ್ನ ಮಾತ್ರ! ರೆಪ್ಪೆ ಹೊಡೀದಂಗೆ ನೋಡಬೇಕು!"

"ಮೊದಲೇ ಹೇಳಬಾರದಾ ಅವ್ವ? ಹಂಗೇ ಮಾಡ್ತೀನಿ."

ಎರಡನೆಯ ಭಾನುವಾರ ಹೋದ. ಭರಮ ಮಟ್ಟಿಗೆ ಇಳಿದದ್ದೇ ಜವರ ಎರಡೂ ಕಣ್ಣಿನ ರೆಪ್ಪೆಗಳನ್ನು ಬೆರಳಿನಲ್ಲಿ ಎತ್ತಿ ಹಿಡಿದು ಕೂತ. ಪೈಲ್ವಾನರು ಮಣ್ಣು ತೂರಿದರು, ಮಣ್ಣು ಬಂದು ಕಣ್ಣಿಗೆ ಬಿತ್ತು. ರೆಪ್ಪೆ ಹೊಡೆಯಲಿಲ್ಲ! ಕಣ್ಣು ಉರಿಯಿತು, ನೀರು ಸುರಿಯಿತು. ರೆಪ್ಪೆ ಹೊಡೆಯಲಿಲ್ಲ! ಮನೆಗೆ ಬಂದಾಗ ಎರಡು ಕಣ್ಣೂ ಎರಡು ಟೊಮೇಟೊ.

"ಏನು ಕಾಣಿಸ್ತೋ?"

"ಕೆಂಪಗೆ ಕಾಣಿಸ್ತು ಅವ್ವ."

"ಪಟ್ಟು?"

"ಅದೂ ಕೆಂಪಗೇ ಇತ್ತು."

ಅವತ್ತು ಭರಮ ಇನ್ನೊಬ್ಬನ ತೋಳು ಕಳಚಿದ್ದ. ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಜವರನಿಗೆ ಮಾತ್ರ ಗೊತ್ತಿರಲಿಲ್ಲ. ತಾಯಮ್ಮ ಅವನ ಕಣ್ಣಿಗೆ ಒದ್ದೆ ಬಟ್ಟೆ ಒತ್ತುತ್ತ ಅಳುತ್ತ ಬೈದಳು. "ಮಣ್ಣು ಎದ್ರೆ ಕಣ್ಣು ಮುಚ್ಕೊಳ್ಳೋದಲ್ವೇನೋ! ಅಷ್ಟೂ ಗೊತ್ತಾಗಲ್ವಾ!"

"ಈಗ ಗೊತ್ತಾಯ್ತು ಅವ್ವ."

ಮೂರನೆಯ ಭಾನುವಾರ ಹೋದ. ಮಣ್ಣು ಎದ್ದಿತು, ಕಣ್ಣು ಮುಚ್ಚಿದ. ಕುಸ್ತಿಯಲ್ಲಿ ಮಣ್ಣು ಏಳದೆ ಏನು ಏಳುತ್ತದೆ? ಎಲ್ಲರೂ ಮನೆಗೆ ಹೋಗಿ, ಕಸ ಗುಡಿಸುವವನು ಬಂದು ಎಬ್ಬಿಸಿದಾಗ ಕಣ್ಣು ಬಿಟ್ಟ. ಕಸ ಗುಡಿಸುವಾಗಲೂ ಮಣ್ಣು ಎದ್ದದ್ದು ನೋಡಿ ಮತ್ತೆ ಮುಚ್ಚಿದ.

ಕೆಂಚ ಅವತ್ತು ರಾತ್ರಿ ಊಟ ಮಾಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ತಾಯಮ್ಮ ಅದನ್ನು ನೋಡಿದಳು, ಅವನ ಮುದ್ದೆಯನ್ನು ಮುಚ್ಚಿಟ್ಟಳು.

ನೋಡಿ ಬರಲು ಇನ್ನು ಉಳಿದದ್ದು ಒಂದೇ ಭಾನುವಾರ. ಉಸ್ತಾದರು ತಾಯಮ್ಮನನ್ನು ಸುಮ್ಮನಿರಿಸಿ ತಾವೇ ಹೇಳಿದರು. "ಜವರ, ನೀನು ನನಗೆ ಬಾಯಲ್ಲಿ ಏನೂ ಹೇಳಬೇಡ. ಭರಮ ಅಲ್ಲಿ ಏನೇನು ಮಾಡ್ತಾನೋ, ಅದನ್ನ ಇಲ್ಲಿ ಬಂದು ಮಾಡಿ ತೋರಿಸು. ಒಂದೂ ಬಿಡಬೇಡ."

"ಒಂದೂ ಬಿಡಲ್ಲ ಉಸ್ತಾದ್ರೇ!"

ನಾಲ್ಕನೆಯ ಭಾನುವಾರ ಸಂಜೆ ಜವರ ಬಂದವನೇ ಅಂಗಿ ಬಿಚ್ಚಿ ಎಸೆದ. ಮಟ್ಟಿಗೆ ಇಳಿದ. ನಾಲ್ಕು ದಿಕ್ಕಿಗೂ ಕೈ ಮುಗಿದ. ತೊಡೆ ತಟ್ಟಿದ. ಕ್ಯಾಕರಿಸಿ ಉಗಿದ. ಕಿವಿ ಕೆರೆದುಕೊಂಡ.

"ಅದೆಲ್ಲಾ ಬ್ಯಾಡ ಕಣೋ, ಪಟ್ಟು ತೋರಿಸೋ!" ಎಂದ ಕೆಂಚ ಎದುರಿಗೆ ಬಂದು.

"ಒಂದೂ ಬಿಡಬೇಡ ಅಂದವ್ರೆ. ಇನ್ನೊಂದು ಸಲ ಕೆರ್ಕೋಬೇಕು, ತಡಿ."

ಕೆರೆದುಕೊಂಡ. ಒಂದು ಹಿಡಿ ಮಣ್ಣು ಕೆಂಚನ ಎದೆಗೆ ತೂರಿದ. ಆಮೇಲೆ ಕೆಂಚನ ಮಣಿಕಟ್ಟು ಹಿಡಿದು ಸರ್ರನೆ ತಿರುಚಿ ಅವನ ಬೆನ್ನಿನ ಹಿಂದಕ್ಕೆ ತಂದ, ಎಡಗಾಲು ಅರ್ಧ ಹೆಜ್ಜೆ ಹಿಂದೆ ಇಟ್ಟ, ಹಿಮ್ಮಡಿ ಎತ್ತಿದ, ಒತ್ತಿದ.

"ಅಯ್ಯೋ! ಸಾಕು, ಬಿಡೋ ಅಣ್ಣ!"

"ಭರಮ ಬಿಡಲಿಲ್ಲ ಕಣೋ."

"ತೋಳು ಹೋಯ್ತದೆ ಕಣೋ! ಅಯ್ಯೋ!"

"ಅಲ್ಲೂ ಹಿಂಗೇ ಕೂಗ್ದ. ಸರಿಯಾಗಿ ಕೂಗ್ತಿದ್ದೀಯ ಕೆಂಚ!"

ಗರಡಿಯ ಹುಡುಗರು ನಾಲ್ಕು ಜನ ಎಳೆದರು, ಎತ್ತು ಅಲ್ಲಾಡಲಿಲ್ಲ. ತಾಯಮ್ಮ ಪೊರಕೆ ತಗೊಂಡು ಬೆನ್ನಿಗೆ ಬಾರಿಸಿದಳು. "ಭರಮನಿಗೆ ಯಾರೂ ಹೊಡೀಲಿಲ್ಲ ಅವ್ವ" ಅಂದ, ಇನ್ನೂ ಒತ್ತಿದ. ಕೆಂಚನ ಭುಜದಲ್ಲಿ ಏನೋ ಲಟಕ್ ಅಂದಿತು.

"ಜವರಾ!" ಮಂಚದ ಮೇಲಿಂದ ಉಸ್ತಾದರು ಗುಡುಗಿದರು. "ಭರಮ ಯಾವಾಗ ಬಿಟ್ಟ?"

"ತೀರ್ಪುಗಾರ ಸೀಟಿ ಹೊಡೆದಾಗ."

ಉಸ್ತಾದರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಜವರ ಥಟ್ಟನೆ ಬಿಟ್ಟ. ಎರಡೂ ಕೈ ಎತ್ತಿಕೊಂಡು ಮಟ್ಟಿಗೆ ಒಂದು ಸುತ್ತು ಬಂದ. ಭರಮನೂ ಬಂದಿದ್ದನಂತೆ.

ತಾಯಮ್ಮ ಕೆಂಚನ ಭುಜ ತಡವಿ ನೋಡಿದಳು. ಕೀಲು ಇದ್ದಲ್ಲೇ ಇತ್ತು. ಆಗ ಜವರನ ಕಡೆ ತಿರುಗಿದಳು. "ಒಡಹುಟ್ಟಿದೋನು ಅಯ್ಯೋ ಅಂದ್ರೂ ಬಿಡಲ್ವಾ? ಸೀಟಿ ಬೇಕು ಅಂದ್ರೆ ನೀನೇ ಹೊಡ್ಕೊಂಡು ಬಿಡಬೇಕಾಗಿತ್ತು! ಅಯ್ಯೋ ಅಂದ ತಕ್ಷಣ ಸೀಟಿ ಹೊಡೀಬೇಕು, ತಿಳೀತೇನೋ!"

"ತಿಳೀತು ಅವ್ವ. ಅಯ್ಯೋ ಅಂದ್ರೆ ಸೀಟಿ."

ಉಸ್ತಾದರು ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಮಟ್ಟಿಯ ಮೇಲೆ ಮೂಡಿದ್ದ ಹೆಜ್ಜೆಯ ಗುರುತಿನಲ್ಲೇ ಇತ್ತು. "ಕೆಂಚ, ಎಡಗಾಲು! ತೋಳು ಕಳಚೋ ಮುಂಚೆ ಎಡ ಹಿಮ್ಮಡಿ ಎತ್ತುತಾನೆ! ಆ ಗಳಿಗೇಲಿ ಅವನು ಒಂಟಿ ಕಾಲ ಮೇಲೆ ಇರ್ತಾನೆ. ನಿನ್ನ ಕಾಲು ಅಲ್ಲಿಗೆ ಕೊಡು!" ಆರು ದಿನ ಅದೊಂದನ್ನೇ ತಿದ್ದಿಸಿದರು.

ಐದನೆಯ ಭಾನುವಾರ ಬಂತು. ತಾಯಮ್ಮ ಸೆರಗು ಬಿಗಿದು ಹೊರಟಳು.

"ಹೆಂಗಸರು ಹೋಗೋ ಜಾಗ ಅಲ್ಲ ಕಣವ್ವ" ಎಂದರು ಅಕ್ಕಪಕ್ಕದವರು.

"ನನ್ನ ಮಗನ ತೋಳು ಹೋಗೋ ಜಾಗ ಆದ್ರೆ ನಾನೂ ಹೋಗೋ ಜಾಗವೇ" ಎಂದಳು. ಜವರನನ್ನು ಪಕ್ಕದಲ್ಲೇ ಕೂರಿಸಿಕೊಂಡಳು.

ಬ್ಯಾಂಡು ನಿಂತಿತು. ಇಬ್ಬರೂ ಮಟ್ಟಿಗೆ ಇಳಿದರು. ಕೆಂಚ ಹದ್ದಿನ ಹಾಗೆ ಎರಗಿದ. ಎರಡೇ ನಿಮಿಷ! ಭರಮನನ್ನು ಕೆಡವಿಕೊಂಡ, ಒಂದು ಭುಜ ಮಣ್ಣಿಗೆ ಮುಟ್ಟಿಸಿದ. ಇನ್ನೊಂದು ಭುಜಕ್ಕೂ ನೆಲಕ್ಕೂ ನಾಲ್ಕು ಬೆರಳು, ಮೂರು ಬೆರಳು, ಎರಡು ಬೆರಳು...

"ಅಯ್ಯೋ!" ಎಂದ ಭರಮ.

ಜವರ ಸೀಟಿ ಹೊಡೆದ!

ಮುಗಿಯಿತೆಂದು ಕೆಂಚ ಕೈಬಿಟ್ಟು ಎದ್ದ. ಭರಮನೂ ಎದ್ದ. ತೀರ್ಪುಗಾರ ಕಕ್ಕಾಬಿಕ್ಕಿಯಾಗಿ ತನ್ನ ಸೀಟಿಯನ್ನು ತಾನೇ ನೋಡಿಕೊಂಡ. ಜನ ಹೋ ಎಂದು ಎದ್ದರು. ಎಲ್ಲ ಮೊದಲಿಂದ ಎಂದಾಯಿತು.

ತಾಯಮ್ಮ ಜವರನ ತೊಡೆ ಚಿವುಟಿದಳು. "ಹಾಳಾದೋನೇ, ಗೆದ್ದಿದ್ದನ್ನ ಕಳೆದೆಯಲ್ಲೋ! ಬಾಯಿ ಮುಚ್ಕೊಂಡು ಕೂತ್ಕೋ! ಮನೆ ಸೇರೋವರ್ಗೂ ಬಾಯಿ ತೆರೆದೆ ಅಂದ್ರೆ ನೋಡು!"

ಜವರ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

ಈ ಸಲ ಭರಮನಿಗೆ ಸಿಟ್ಟು ಬಂದಿತ್ತು. ಕಿವಿ ಕೆರೆಯಲಿಲ್ಲ, ಮಣ್ಣು ತೂರಲಿಲ್ಲ. ನೇರ ಮಣಿಕಟ್ಟಿಗೆ ಕೈ ಹಾಕಿದ. ಕೆಂಚನ ತೋಳು ತಿರುಗಿತು, ತಿರುಗಿತು, ಬೆನ್ನಿನ ಹಿಂದಕ್ಕೆ ಹೋಯಿತು. ತಗಡಿನ ಬೇಲಿಯೊಳಗೆ ಒಂದು ಕೆಮ್ಮೂ ಇಲ್ಲ.

"ಅಯ್ಯೋ!" ಎಂದ ಕೆಂಚ.

"ಸೀಟಿ ಹೊಡಿಯೋ!" ಎಂದಳು ತಾಯಮ್ಮ.

ಜವರ ತಲೆ ಅಲ್ಲಾಡಿಸಿದ.

"ನಿನ್ನ ತಮ್ಮ ಕಣೋ! ಹೊಡಿಯೋ!"

ಜವರನ ಕಣ್ಣಲ್ಲಿ ನೀರು ಇಳಿಯಿತು. ಕೈ ಮಾತ್ರ ಬಾಯಿಂದ ಇಳಿಯಲಿಲ್ಲ. ತಾಯಮ್ಮ ತಾನೇ ಎರಡು ಬೆರಳು ಬಾಯಿಗಿಟ್ಟು ಊದಿದಳು. ಬರೀ ಗಾಳಿ ಬಂತು.

ಅಷ್ಟರಲ್ಲಿ ತೋಳನ್ನು ಪೂರ್ತಿ ಎಳೆಯಲು ಭರಮ ಎಡಗಾಲು ಅರ್ಧ ಹೆಜ್ಜೆ ಹಿಂದೆ ಇಟ್ಟ. ಹಿಮ್ಮಡಿ ಎದ್ದಿತು. ಕೆಂಚ ಕಾಲು ಕೊಟ್ಟ. ಇಬ್ಬರೂ ಉರುಳಿದರು. ಮಣ್ಣು ಆಳೆತ್ತರ ಎದ್ದಿತು. ಯಾರಿಗೂ ಏನೂ ಕಾಣಲಿಲ್ಲ. ಮಣ್ಣು ಇಳಿದಾಗ ಕೆಳಗೆ ಭರಮ, ಎರಡು ಭುಜವೂ ನೆಲಕ್ಕೆ, ಮುಖ ಆಕಾಶಕ್ಕೆ. ಅವನೆದೆಯ ಮೇಲೆ ಕೆಂಚ. ತೀರ್ಪುಗಾರ ಸೀಟಿ ಹೊಡೆದ. ಕೆಂಚ ಎದ್ದು ಎರಡೂ ತೋಳು ಮೇಲೆತ್ತಿದ. ಎರಡೂ!

ತಾಯಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಹಾರ ಬಂತು, ಪೇಟ ಬಂತು. ಆ ಗದ್ದಲದ ನಡುವೆ ಕೆಂಚ ಕೂಗಿ ಹೇಳಿದ, "ಅಣ್ಣ, ಉಸ್ತಾದ್ರು ಜೀವ ಹಿಡ್ಕೊಂಡು ಕಾಯ್ತಿರ್ತಾರೆ. ಓಡಿಹೋಗಿ ಹೇಳು!"

ಜವರ ಓಡಿದ. ಗರಡಿಗೆ ಬಂದ. ಎರಡೂ ಕೈ ಬಾಯಿಯ ಮೇಲೆ.

"ಏನಾಯ್ತೋ?" ಉಸ್ತಾದರು ಮಂಚದ ಮೇಲೆ ಎದ್ದು ಕೂತರು.

ಮಾತಿಲ್ಲ. ಮನೆ ಇನ್ನೂ ಸೇರಿರಲಿಲ್ಲವಲ್ಲ!

"ಕೆಂಚ ಎಲ್ಲೋ? ಆಸ್ಪತ್ರೆಗೆ ಹೋದ್ರಾ?"

ಮಾತಿಲ್ಲ.

"ಬಾಯಿ ಯಾಕೋ ಮುಚ್ಕೊಂಡಿದ್ದೀಯ? ಯಾ ಅಲ್ಲಾ, ತೋಳು ಹೋಯ್ತೇನೋ?" ಮುದುಕರು ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿದರು. "ಹೇಳೋಕೆ ಆಗದಿದ್ರೆ ಬ್ಯಾಡಪ್ಪ. ಏನಾಯ್ತೋ ಅದನ್ನ ಮಾಡಿಯಾದ್ರೂ ತೋರಿಸು!"

ಜವರನ ಮುಖ ಅರಳಿತು. ಬಾಯಿಂದ ಕೈ ತೆಗೆದು ತುಟಿ ಬಿಗಿದುಕೊಂಡ. ಉಸ್ತಾದರನ್ನು ಮಂಚದಿಂದ ಎತ್ತಿದ. ತಿರುಗಿಸಿದ. ಮೆತ್ತಗಿನ ಮಟ್ಟಿಯ ಮೇಲೆ ಧೊಪ್ಪನೆ ಅಂಗಾತ ಕೆಡವಿದ. ಎರಡು ಭುಜವೂ ನೆಲಕ್ಕೆ, ಮುಖ ಆಕಾಶಕ್ಕೆ, ಪಟ್ಟಿ ಕಟ್ಟಿದ ಕಾಲು ಗಾಳಿಯಲ್ಲಿ. ಎದೆಯ ಮೇಲೆ ಹತ್ತಿ ಕೂತ.

"ಅಯ್ಯೋ ಸತ್ತೆ!" ಎಂದ ಉಸ್ತಾದರು ಮೇಲೆ ಕೂತವನ ಮುಖ ನೋಡಿದರು. "ತಡಿ, ತಡಿ. ನಾನು ಯಾರು? ಭರಮನಾ?"

ಜವರ ಹೂಂ ಎಂದು ಗೋಣು ಹಾಕಿದ.

"ನೀನು ಕೆಂಚನಾ?"

ಗೋಣು ಹಾಕಿದ.

ಉಸ್ತಾದರು ಮಣ್ಣಲ್ಲಿ ಮಲಗಿಕೊಂಡೇ ನಕ್ಕರು. ಗರಡಿ ಅದುರುವ ಹಾಗೆ ನಕ್ಕರು. ಬ್ಯಾಂಡಿನ ಜೊತೆ ಕೆಂಚನನ್ನು ಹೊತ್ತುಕೊಂಡು ಊರೆಲ್ಲ ಬಂದಾಗ ನೋಡುವುದೇನು? ಉಸ್ತಾದರು ಕೆಳಗೆ, ಜವರ ಮೇಲೆ.

"ಏಳೋ, ಕಾಲು ಮುರಿದಿರೋ ಮುದುಕರು ಕಣೋ!" ಎಂದು ತಾಯಮ್ಮ ಕಿರುಚಿದಳು. ಜವರ ಏಳಲಿಲ್ಲ. ಉಸ್ತಾದರ ಬಾಯಿಯ ಕಡೆ ಬೆರಳು ತೋರಿಸಿದ. ಸೀಟಿ ಹೊಡೆಯದೆ ಕೆಂಚ ಎದ್ದಿದ್ದನೇ?

ಉಸ್ತಾದರು ಎರಡು ಬೆರಳು ಬಾಯಿಗಿಟ್ಟರು. ಸೀಟಿ ಹೊಡೆಯಲು ಹೋದರು, ನಗು ಬಂತು. ಮತ್ತೆ ಹೋದರು, ಮತ್ತೆ ನಗು ಬಂತು. ಅವರ ನಗು ನಿಲ್ಲಲೊಲ್ಲದು, ಇವನು ಏಳಲೊಲ್ಲ. ಊರೆಲ್ಲ ಸುತ್ತ ನಿಂತು ಆ ಸೀಟಿಗಾಗಿ ಕಾಯಿತು.

ನೀನೂ ನಗುತ್ತ ಕೂರಬೇಡ ಮಗಳೇ, ಪೆನ್ನು ತಗೋ. ಇಷ್ಟನ್ನೂ ಬರೆದುಕೋ.