ಗೀಜಗವ್ವ ತಿದ್ದಿದ ನಿಯಮ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಮೊಬೈಲ್ ಆ್ಯಪ್ ಬರೆಯುವ ನಮ್ಮ ಷಡ್ಡಕ ರೇವಣಸಿದ್ದಯ್ಯನವರು.

ಹಕ್ಕಿಗಳೆಲ್ಲ ತಮ್ಮ ತಮ್ಮ ಗೂಡು ಯಾವ ಮರದಲ್ಲಿ, ಯಾವ ಕೊಂಬೆಯಲ್ಲಿದೆ ಎಂಬ ಗುರುತು ಬರೆದಿಡಲೆಂದು ಗೀಜಗವ್ವ ಒಂದು ಆ್ಯಪ್ ಮಾಡಿದಳು. ಬರೆದದ್ದೆಲ್ಲ ಮೋಡದ ಕಣಜಕ್ಕೆ, ಅಂದರೆ ಕ್ಲೌಡ್ ಡೇಟಾಬೇಸಿಗೆ, ಹೋಗಿ ಸೇರುತ್ತಿತ್ತು. ಅದರ ಬಾಗಿಲಿಗೆ ಗಿಳಿರಾಯನನ್ನು ಕೂರಿಸಿ, "ಹೆಸರು ನೋಂದಾಯಿಸಿದವರನ್ನು ಮಾತ್ರ ಒಳಗೆ ಬಿಡು" ಎಂದು ನಿಯಮ ಕಲಿಸಿದಳು.

ಮೊಟ್ಟೆ ಕದಿಯುವ ಕೆಂಬೂತನೂ ಬಂದು ಹೆಸರು ನೋಂದಾಯಿಸಿದ. "ಎಲ್ಲರ ಗೂಡಿನ ಗುರುತೂ ಕೊಡಪ್ಪಾ" ಎಂದ. ಗಿಳಿರಾಯ ಕೊಟ್ಟ. ಸಂಜೆಯೊಳಗೆ ಗೀಜಗವ್ವನ ಗೂಡೇ ಬರಿದಾಯಿತು.

"ಕಳ್ಳನಿಗೆ ಬಾಗಿಲು ತೆಗೆದೆಯಲ್ಲೋ!" ಎಂದು ಅವಳು ಗೋಳಾಡಿದಳು.

"ಹೆಸರು ನೋಡು ಅಂದೆ, ನೋಡಿದೆ. ಗೂಡು ಯಾರದು ಅಂತ ಕೇಳಲು ನೀನು ಹೇಳಲಿಲ್ಲವಲ್ಲವ್ವಾ" ಎಂದ ಗಿಳಿರಾಯ.

ಗೀಜಗವ್ವ ಕಣ್ಣೊರೆಸಿಕೊಂಡು ನಿಯಮ ತಿದ್ದಿದಳು: "ಯಾರೇ ಬರಲಿ, ಅವರವರ ಗೂಡಿನ ಗುರುತನ್ನಷ್ಟೇ ಅವರಿಗೆ ಕೊಡು."

ಮರುದಿನ ಅವಳೇ ಬಂದಳು. "ಗೊರವಂಕನ ಮೊಟ್ಟೆ ಕ್ಷೇಮವೋ ಏನೋ, ನೋಡಿ ಬರುತ್ತೇನೆ. ಗುರುತು ಕೊಡು."

"ಆಗದವ್ವಾ, ಅದು ನಿನ್ನ ಗೂಡಲ್ಲ."

"ನಿನ್ನನ್ನು ಇಲ್ಲಿ ಕೂರಿಸಿದವಳೇ ನಾನು ಕಣೋ!"

"ಇರಬಹುದು. ಗೂಡು ಮಾತ್ರ ನಿನ್ನದಲ್ಲ."

ಆ ಮಾತು ಕೇಳಿದ ಮೇಲೆಯೇ ಗೀಜಗವ್ವ ನೆಮ್ಮದಿಯಾಗಿ ಮತ್ತೆ ಮೊಟ್ಟೆಯಿಡಲು ಹೋದಳು.

ಶಿವನ ದಯೆಯಿಂದ ನಿಮ್ಮ ಬಳಗದಲ್ಲೂ ಆ್ಯಪ್ ಬರೆಯುವವರಿದ್ದರೆ, ಈ ಕಥೆಯನ್ನು ಅವರ ಕಿವಿಗೂ ಹಾಕಿ.