ನಗಾರಿ ಬಡಿಯದ ದುರುಗ

“ಕೇಳಿರಪ್ಪೋ ಕೇಳಿ! ಅರಸು ಚಾಗರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ನಗಾರಿ ದುರುಗನಿಗೆ ಶೂಲ!”

ಡಂಗುರ ಕೇಳಿ ಕೆಂಚವ್ವ ಅರಸರ ಸಭೆಗೆ ಓಡಿದಳು. ದುರುಗ ಅವಳ ಗಂಡ, ಬಿಳಿಗುಡ್ಡದವನು. ಬಿಳಿಗುಡ್ಡ, ಕರಿಗುಡ್ಡ ಎರಡೂ ಒಂದೇ ರಾಜ್ಯವಾದ ಮೇಲೆ ಅರಸರು ಅವನನ್ನು ಕರಿಗುಡ್ಡದ ಬುರುಜಿಗೆ ನಗಾರಿ ಬಡಿದು ಸುದ್ದಿ ಮುಟ್ಟಿಸಲು ಕಳಿಸಿದ್ದರು. ಹೊಳೆ ಉಕ್ಕಿದ್ದನ್ನು ಮೊದಲು ಕಂಡವನು ಅವನೇ, ಆದರೂ ನಗಾರಿ ಬಡಿಯಲಿಲ್ಲ. ಕೆಳಗಿನ ಊರು ಕೊಚ್ಚಿಹೋಯಿತು. ಅರಸರ ಮಗಳೂ ಅಲ್ಲೇ ಹೋದಳು.

ಸಭೆಯಲ್ಲಿ ಅರ್ಧ ರಾಜ್ಯದ ಆಸೆಗೆ ಬಂದ ಇಬ್ಬರು ಮೀಸೆ ತಿರುವುತ್ತಾ ನಿಂತಿದ್ದರು.

“ಅದು ಕೈಲಿದ್ದವನೇ ಮಾತಾಡಬೇಕು, ಕೈ ದಾಟಿದರೆ ಬಾಯಿ ಮುಚ್ಚಬೇಕು. ಏನದು?” ಎಂದರು ಅರಸರು.

“ಖಡ್ಗ” ಎಂದನೊಬ್ಬ. “ರಾಜಮುದ್ರೆ” ಎಂದನಿನ್ನೊಬ್ಬ. ಇಬ್ಬರನ್ನೂ ಎಳೆದೊಯ್ದರು. ಮೀಸೆಗಳು ಆಗಲೇ ಜೋತುಬಿದ್ದಿದ್ದವು.

ಕೆಂಚವ್ವ ಮುಂದೆ ಬಂದಳು. “ಸರದಿಕೋಲು, ಬುದ್ಧಿ. ಬಿಳಿಗುಡ್ಡದ ನಗಾರಿಯೋರು ಕೈಯಿಂದ ಕೈಗೆ ದಾಟಿಸ್ತಾರೆ. ಕೋಲಿಲ್ದೆ ಬಡಿದ್ರೆ ಕೈ ಕಡೀತಾರೆ.”

“ಇಬ್ಬರು ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳದು. ಇಬ್ಬರೂ ಸುಮ್ಮನಾದರೆ ಇಬ್ಬರದೂ ಕೇಳುತ್ತದೆ. ಹೇಗೆ?” ಎಂದು ಅರಸರು ಎರಡನೆಯದನ್ನು ಕೇಳಿದರು.

“ಅದು ನನ್ನ ತವರು ಕರಿಗುಡ್ಡದ ಪದ್ಧತಿ. ಅಲ್ಲಿ ಕೋಲೇ ಇಲ್ಲ. ಸದ್ದಿಲ್ದಾಗ ಯಾರು ಬೇಕಾದ್ರೂ ಬಡೀಬೋದು. ಎರಡು ನಗಾರಿ ಸದ್ದು ಕಲೆತ್ರೆ ಇಬ್ರೂ ನಿಲ್ಲಿಸ್ತಾರೆ. ಒಬ್ಬ ಸ್ವಲ್ಪ ಕಾಯ್ತಾನೆ, ಇನ್ನೊಬ್ಬ ಇನ್ನೂ ಸ್ವಲ್ಪ ಹೆಚ್ಚು. ಆಗ ಎರಡೂ ಸುದ್ದಿ ಮುಟ್ತವೆ.”

ಅರಸರ ದನಿ ಕುಗ್ಗಿತು. “ನಗಾರಿ ಹರಿದಿರಲಿಲ್ಲ. ಬಡಿಯುವವನು ನಿದ್ದೆ ಮಾಡಿರಲಿಲ್ಲ. ಆದರೂ ಸುದ್ದಿ ಸತ್ತಿತು. ಕೊಂದವರು ಯಾರು?”

ಕೆಂಚವ್ವನಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳುವ ಧೈರ್ಯವಿರಲಿಲ್ಲ. ಸಭೆಯ ಮೂಲೆಯಲ್ಲಿ ಕಟ್ಟಿಹಾಕಿದ್ದ ಗಂಡನ ಮುಖ ನೋಡಿದಳು.

“ನನ್ನ ಗಂಡ ಆ ಬುರುಜಲ್ಲಿ ಕೋಲು ಬರ್ಲಿ ಅಂತ ಕಾಯ್ತಾ ಕೂತಿದ್ದ, ಬುದ್ಧಿ. ಕೋಲೇ ಇಲ್ದ ಗುಡ್ಡದಲ್ಲಿ ಎಲ್ಲಿಂದ ಬರ್ಬೇಕು? ಅಲ್ಲಿನ ಪದ್ಧತಿ ಅವನಿಗೆ ಯಾರೂ ಹೇಳ್ಕೊಡ್ಲಿಲ್ಲ. ಹಾಗೇ ಕಳಿಸಿದ ಅಪ್ಪಣೆನೇ ಸುದ್ದೀನ ಕೊಂದಿದ್ದು.”

ಅರಸರು ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು. “ಆ ಅಪ್ಪಣೆಗೆ ಮುದ್ರೆ ಒತ್ತಿದ್ದು ಈ ಕೈ. ಯಾರಾದರೂ ಬೇರೆ ಉತ್ತರ ಹೇಳಲಿ ಅಂತ ಎಷ್ಟು ತಲೆ ತೆಗೆಸಿದೆ!” ಎಂದು ಅತ್ತುಬಿಟ್ಟರು.

ಅವಳು ಬೇಡಿದ್ದು ಗಂಡನನ್ನು ಮಾತ್ರ. ಅರಸರು ಅವನನ್ನು ಬಿಡಿಸಿ, ಗುಡ್ಡಗಳ ನಡುವೆ ಹೊಸ ಬುರುಜು ಕಟ್ಟಿಸಿ, ಎರಡೂ ಪದ್ಧತಿ ಬಲ್ಲ ಅವಳಿಗೆ ಕೊಟ್ಟರು. ಒಂದು ಕಡೆಯ ಸುದ್ದಿ ಕೇಳಿ ಇನ್ನೊಂದು ಕಡೆಯ ರೀತಿಯಲ್ಲಿ ದಾಟಿಸುವುದು ಅವಳ ಕೆಲಸ.

ಮೊದಲ ದಿನ ಕರಿಗುಡ್ಡದತ್ತ ಸುದ್ದಿ ಕಳಿಸಲು ಅವಳು ದುರುಗನ ಕೈಗೆ ನಗಾರಿ ಕಡ್ಡಿ ಕೊಟ್ಟಳು. ಅವನು ಸುತ್ತ ನೋಡಿದ, ಸರದಿಕೋಲಿಗಾಗಿ.

“ಯಾರೂ ಕೊಡಲ್ಲ ಕಣೋ” ಎಂದಳು ಕೆಂಚವ್ವ. “ಬಡಿ.”